ಉಗುರಿಗೆ ಹತ್ತಿದ ಫಂಗಸ್: ನಿಮ್ಮ ಪ್ರಶ್ನೆ, ಚರ್ಮವೈದ್ಯರ ಉತ್ತರ

ಉಗುರಿನ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ‘ಏನೇನೋ ಹಚ್ಚಿದೆ, ಹೋಗಲಿಲ್ಲ.’ ಹಾಗಾಗಿ ಈ ಸಲದ ಜಾಗವನ್ನೆಲ್ಲ ಉಗುರಿಗೇ ಬಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ, ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 46 ವರ್ಷ. ಬಲಗಾಲಿನ ಹೆಬ್ಬೆರಳ ಉಗುರು ಮೂರು ವರ್ಷದಿಂದ ಹಳದಿಯಾಗಿ ದಪ್ಪಗಾಗುತ್ತಿದೆ. ಅಡಿಯಲ್ಲಿ ಹಿಟ್ಟಿನಂಥ ಪುಡಿ ಸೇರುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಫಂಗಸ್ ಮುಲಾಮನ್ನು ನಾಲ್ಕು ತಿಂಗಳು ತಪ್ಪದೆ ಹಚ್ಚಿದೆ. ಸ್ವಲ್ಪವೂ ಬದಲಾಗಿಲ್ಲ, ಯಾಕೆ?

ಉತ್ತರ: ಎರಡು ಕಾರಣ ಇರಬಹುದು. ಒಂದು, ನೀವು ಹಚ್ಚಿದ್ದು ಚರ್ಮಕ್ಕೆಂದು ಮಾಡಿದ ಮುಲಾಮು. ಫಂಗಸ್ ಕೂತಿರುವುದು ಉಗುರಿನ ಅಡಿಯಲ್ಲಿ, ಉಗುರು ಅಂಟಿಕೊಂಡಿರುವ ಚರ್ಮದ ಮೇಲೆ. ಮೇಲಿಂದ ಸವರಿದ ಮುಲಾಮು ಆ ಗಟ್ಟಿ ಹಲಗೆಯನ್ನು ದಾಟಿ ಕೆಳಗೆ ಇಳಿಯುವುದೇ ಇಲ್ಲ. ಎರಡು, ಅದು ಫಂಗಸ್ ಅಲ್ಲದೆಯೂ ಇರಬಹುದು. ದಪ್ಪಗಾಗಿ, ಬಣ್ಣಗೆಟ್ಟು, ಆಕಾರ ಕೆಟ್ಟ ಉಗುರುಗಳಲ್ಲಿ ಫಂಗಸ್‌ನಿಂದ ಆದವು ಸುಮಾರು ಅರ್ಧದಷ್ಟು ಮಾತ್ರ. ಉಳಿದವು ಸೋರಿಯಾಸಿಸ್, ಬಿಗಿ ಬೂಟಿನ ಒತ್ತಡ, ಹಳೆಯ ಪೆಟ್ಟು, ಲೈಕನ್ ಪ್ಲೇನಸ್ ಎಂಬ ಚರ್ಮರೋಗ, ಎಕ್ಸಿಮಾ ಇಂಥವುಗಳಿಂದ ಆದವು.

ಕೆಲವು ಸುಳಿವುಗಳು ಕಣ್ಣಿಗೇ ಕಾಣುತ್ತವೆ. ಕೈಯುಗುರುಗಳ ಮೇಲೆ ಸೂಜಿಯಿಂದ ಚುಚ್ಚಿದಂಥ ಕುಳಿಗಳು, ಉಗುರಿನಡಿ ಎಣ್ಣೆ ಹನಿ ಬಿದ್ದಂಥ ಕಂದು ಮಚ್ಚೆ, ಮೊಣಕೈಯಲ್ಲೋ ತಲೆಯಲ್ಲೋ ಹೊಟ್ಟು ಏಳುವ ಕೆಂಪು ಕಲೆ ಇದ್ದರೆ ಸೋರಿಯಾಸಿಸ್ ಕಡೆಗೆ ಯೋಚಿಸಬೇಕು. ಎರಡೂ ಪಾದಗಳಲ್ಲಿ ಎಲ್ಲಕ್ಕಿಂತ ಉದ್ದದ ಬೆರಳಿನ ಉಗುರು ಮಾತ್ರ ಒಂದೇ ರೀತಿ ದಪ್ಪಗಾಗಿದ್ದು, ಬೆರಳ ಸಂದಿ ಸ್ವಚ್ಛವಾಗಿದ್ದರೆ ಬೂಟಿನ ಮೇಲೆ ಅನುಮಾನ. ಫಂಗಸ್ ಸಾಮಾನ್ಯವಾಗಿ ಒಂದೇ ಪಾದದಲ್ಲಿ, ಉಗುರಿನ ತುದಿಯಿಂದಲೋ ಪಕ್ಕದಿಂದಲೋ ಶುರುವಾಗಿ ಬುಡದ ಕಡೆಗೆ ಸರಿಯುತ್ತದೆ. ಅದರ ಜತೆಗೇ ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆಂದು ಸುಲಿಯುವುದು, ಅಂಗಾಲು ಒಣಗಿ ಪುಡಿಪುಡಿ ಉದುರುವುದು ಇರುತ್ತದೆ. ಆದರೂ ನೋಡಿದ್ದಷ್ಟರಿಂದಲೇ ತಿಂಗಳುಗಟ್ಟಲೆ ಮಾತ್ರೆ ಶುರುಮಾಡಬೇಡಿ. ಮೊದಲು ಪರೀಕ್ಷೆ ಆಗಲಿ.

ಮಾದರಿ ತೆಗೆಯುವ ರೀತಿಯ ಮೇಲೇ ಪರೀಕ್ಷೆಯ ಫಲ ನಿಂತಿದೆ. ತುದಿಯಲ್ಲಿ ಉದುರುವ ಪುಡಿಯಲ್ಲಿ ಸತ್ತ ಫಂಗಸ್, ಧೂಳು, ಗಾಳಿಯಿಂದ ಬಂದು ಕೂತ ಬೇರೆ ಬೂಷ್ಟು ಸೇರಿಕೊಂಡಿರುತ್ತವೆ. ಜೀವಂತ ಫಂಗಸ್ ಸಿಗುವುದು ಒಳ್ಳೆಯ ಉಗುರೂ ಕೆಟ್ಟ ಉಗುರೂ ಸೇರುವ ಗಡಿಯಲ್ಲಿ. ಆದ್ದರಿಂದ ಉಗುರನ್ನು ಸ್ಪಿರಿಟ್‌ನಿಂದ ಒರೆಸಿ, ಸಡಿಲಾದ ಭಾಗವನ್ನು ಆದಷ್ಟು ಹಿಂದಕ್ಕೆ ಕತ್ತರಿಸಿ, ಬಯಲಾದ ಜಾಗದಿಂದ ಕೆರೆದು ಪುಡಿ ತೆಗೆಯಬೇಕು. ಕತ್ತರಿಸಿದ ಚೂರುಗಳನ್ನೂ ಜತೆಗೆ ಕಳಿಸಬೇಕು. ಇದಕ್ಕೆ ಮುಂಚೆ ಎರಡರಿಂದ ನಾಲ್ಕು ವಾರ ಯಾವ ಫಂಗಸ್ ಔಷಧವನ್ನೂ ಹಚ್ಚಿರಬಾರದು. ಹಚ್ಚಿದ್ದರೆ ಫಂಗಸ್ ಇದ್ದರೂ ವರದಿಯಲ್ಲಿ ‘ಇಲ್ಲ’ ಎಂದು ಬಂದುಬಿಡಬಹುದು. ನೀವು ನಾಲ್ಕು ತಿಂಗಳು ಮುಲಾಮು ಹಚ್ಚಿರುವುದರಿಂದ ಇದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಓಎಚ್ ಪರೀಕ್ಷೆ ಬೇಗ ಮುಗಿಯುತ್ತದೆ, ಫಂಗಸ್ ಇದೆಯೇ ಎಂದು ಹೇಳುತ್ತದೆ. ಯಾವ ಫಂಗಸ್ ಎಂದು ಹೇಳುವುದು ಕಲ್ಚರ್, ಅದಕ್ಕೆ ನಾಲ್ಕು ವಾರವಾದರೂ ಹಿಡಿಯಬಹುದು. ಉಗುರಿನ ಚೂರಿಗೆ ಪಿಎಎಸ್ ಎಂಬ ಬಣ್ಣ ಹಾಕಿ ನೋಡುವ ಪರೀಕ್ಷೆ ಇವೆರಡಕ್ಕಿಂತ ಹೆಚ್ಚು ಸಲ ಫಂಗಸ್ಸನ್ನು ಹಿಡಿದುಕೊಡುತ್ತದೆ. ಲಕ್ಷಣ ಗಟ್ಟಿಯಾಗಿದ್ದು ಒಂದು ವರದಿ ‘ನೆಗೆಟಿವ್’ ಬಂದರೆ ಅಲ್ಲಿಗೇ ಬಿಡದೆ ಮತ್ತೊಮ್ಮೆ ಮಾದರಿ ಕೊಡಿ.

ಪ್ರಶ್ನೆ: ಪರೀಕ್ಷೆ ಮಾಡಿಸಿ, ಟರ್ಬಿನಾಫಿನ್ ಮಾತ್ರೆಯನ್ನು 12 ವಾರ ನುಂಗಿ ಮುಗಿಸಿದೆ. ಕಾಲಿನ ಹೆಬ್ಬೆರಳ ಉಗುರು ಇನ್ನೂ ಮುಕ್ಕಾಲು ಭಾಗ ಹಳದಿಯಾಗಿಯೇ ಇದೆ. ಮಾತ್ರೆ ಕೆಲಸ ಮಾಡಲಿಲ್ಲವೇ? ಇನ್ನೊಂದು ಕೋರ್ಸ್ ತೆಗೆದುಕೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ಮಾತ್ರೆ ಕೆಲಸ ಮಾಡಿರುವ ಸಾಧ್ಯತೆಯೇ ಹೆಚ್ಚು. ಕೆಟ್ಟುಹೋದ ಉಗುರನ್ನು ಯಾವ ಔಷಧವೂ ಮತ್ತೆ ತಿಳಿಯಾಗಿಸುವುದಿಲ್ಲ. ಫಂಗಸ್ ಸತ್ತ ಮೇಲೂ ಆ ಹಳದಿ ಹಾಗೇ ಉಳಿದಿರುತ್ತದೆ. ಬುಡದಿಂದ ಹೊಸ ಉಗುರು ಬಂದು ಅದನ್ನು ಮುಂದಕ್ಕೆ ತಳ್ಳಬೇಕು, ನೀವು ಕತ್ತರಿಸಿ ಹಾಕಬೇಕು.

ಲೆಕ್ಕ ಹಾಕಿ ನೋಡಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು 1ರಿಂದ 1.5 ಮಾತ್ರ. ಅಂದರೆ ನಿಮ್ಮ 12 ವಾರದಲ್ಲಿ ಬಂದ ಹೊಸ ಉಗುರು ಹೆಚ್ಚೆಂದರೆ ಸುಮಾರು 4 ಮಿಲಿಮೀಟರ್. ಹೆಬ್ಬೆರಳಿನ ಉಗುರು ಪೂರ್ತಿ ಬದಲಾಗಲು 12ರಿಂದ 18 ತಿಂಗಳು ಬೇಕು, ಕೈಯುಗುರಿಗೆ ಆರು ತಿಂಗಳು ಸಾಕು. ಮುಕ್ಕಾಲು ಹಳದಿ, ಕಾಲು ಭಾಗ ತಿಳಿ ಅಂದರೆ ಮೂರು ತಿಂಗಳಿಗೆ ಸರಿಯಾಗಿಯೇ ಇದೆ. ಟರ್ಬಿನಾಫಿನ್ ಉಗುರಿನೊಳಗೆ ಸೇರಿಕೊಂಡು, ನುಂಗುವುದು ನಿಂತ ಮೇಲೂ ಹಲವು ತಿಂಗಳು ಅಲ್ಲೇ ಉಳಿದು ಕೆಲಸ ಮಾಡುತ್ತಿರುತ್ತದೆ.

ಊಹೆಯ ಮೇಲೆ ಬಿಡದೆ ಅಳೆದು ನೋಡಲು ಒಂದು ಉಪಾಯವಿದೆ. ತಿಳಿ ಉಗುರೂ ಹಳದಿ ಉಗುರೂ ಸೇರುವ ಗೆರೆಯ ಮೇಲೆ, ಉಗುರುಜ್ಜುವ ಫೈಲ್‌ನ ಅಂಚಿನಿಂದ ಅಡ್ಡಕ್ಕೆ ಸಣ್ಣದೊಂದು ಗೀರು ಹಾಕಿ. ಆಳ ಬೇಡ, ಕಂಡರೆ ಸಾಕು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಮತ್ತೆ ತೆಗೆಯಿರಿ. ಗೀರು ತುದಿಯ ಕಡೆಗೆ ಸರಿಯುತ್ತಾ, ಹಳದಿ ಅದರ ಮುಂದೆಯೇ ಉಳಿದಿದ್ದರೆ ನೀವು ಗೆಲ್ಲುತ್ತಿದ್ದೀರಿ. ಹಳದಿ ಗೀರನ್ನು ದಾಟಿ ಬುಡದ ಕಡೆಗೆ ಬಂದರೆ ಫಂಗಸ್ ಜೀವಂತವಾಗಿದೆ. ಆಗ ವೈದ್ಯರ ಬಳಿ ಹೋಗಿ.

ಗೀರನ್ನು ದಾಟುವುದಕ್ಕೆ ಸಾಮಾನ್ಯ ಕಾರಣಗಳು ಇವು. ಉಗುರಿನೊಳಗೆ ಉದ್ದಕ್ಕೆ ಈಟಿಯಂತೆ ಚಾಚಿದ ದಟ್ಟ ಹಳದಿ ಪಟ್ಟೆ ಇದ್ದರೆ ಅದು ಒತ್ತೊತ್ತಾಗಿ ಅಮುಕಿಕೊಂಡ ಫಂಗಸ್ ಗಂಟು. ಅದರೊಳಕ್ಕೆ ಔಷಧ ಹೋಗುವುದಿಲ್ಲ, ಆ ಭಾಗವನ್ನು ಕತ್ತರಿಸಿ ಕೆರೆದು ತೆಗೆಯಲೇಬೇಕು. ಫಂಗಸ್ಸಿನ ಜಾತಿ ಬೇರೆಯಾಗಿದ್ದರೂ ಹೀಗಾಗುತ್ತದೆ: ಉಗುರಿಗೆ ಹೆಚ್ಚಾಗಿ ಹತ್ತುವ ಟ್ರೈಕೋಫೈಟಾನ್ ರೂಬ್ರಂಗೆ ಟರ್ಬಿನಾಫಿನ್ ಚೆನ್ನಾಗಿ ಹಿಡಿಯುತ್ತದೆ, ಕ್ಯಾಂಡಿಡಾ ಜಾತಿಗೆ ಅಷ್ಟು ಹಿಡಿಯುವುದಿಲ್ಲ. ನಡುನಡುವೆ ಮಾತ್ರೆ ತಪ್ಪಿಸಿದ್ದು, ಕಾಲಿಗೆ ರಕ್ತದ ಓಟ ಕಡಿಮೆ ಇರುವುದು, ಟರ್ಬಿನಾಫಿನ್‌ಗೆ ಬಗ್ಗದ ಫಂಗಸ್, ಇವೂ ಉಂಟು.

ಪ್ರಶ್ನೆ: ಈ ಮಾತ್ರೆಗಳು ಲಿವರ್ ಹಾಳುಮಾಡುತ್ತವೆ ಎಂದು ಎಲ್ಲರೂ ಹೆದರಿಸುತ್ತಾರೆ. ನನಗೆ 58 ವರ್ಷ, ಬಿಪಿಗೂ ಕೊಲೆಸ್ಟರಾಲ್‌ಗೂ ಮಾತ್ರೆ ನುಂಗುತ್ತಿದ್ದೇನೆ.

ಉತ್ತರ: ಹೆದರಿಕೆ ಪೂರ್ತಿ ಸುಳ್ಳಲ್ಲ, ಆದರೆ ಅಳತೆ ಮೀರಿದೆ. ಟರ್ಬಿನಾಫಿನ್‌ನಿಂದ ಲಿವರ್‌ಗೆ ಗಂಭೀರ ಪೆಟ್ಟು ಬೀಳುವುದು ಅಪರೂಪ. ಅಪರೂಪವಾದರೂ ಆಗುತ್ತದೆ ಎಂಬ ಕಾರಣಕ್ಕೇ ಶುರುಮಾಡುವ ಮುಂಚೆ ರಕ್ತದಲ್ಲಿ ಲಿವರ್ ಪರೀಕ್ಷೆ ಮಾಡಿಸುವುದು. ಲಿವರ್ ಕಾಯಿಲೆ ಇದ್ದವರಿಗೆ ಇದನ್ನು ಕೊಡುವುದಿಲ್ಲ. ಮೂತ್ರಪಿಂಡ ತೀರಾ ದುರ್ಬಲವಾಗಿದ್ದರೂ, ಲೂಪಸ್ ಇದ್ದರೂ ಮೊದಲೇ ಹೇಳಬೇಕು. ವಯಸ್ಕರಿಗೆ ರೂಢಿಯ ಪ್ರಮಾಣ ದಿನಕ್ಕೆ 250 ಮಿಲಿಗ್ರಾಂ: ಕೈಯುಗುರಿಗೆ ಆರು ವಾರ, ಕಾಲುಗುರಿಗೆ 12 ವಾರ. ಮಾತ್ರೆ ನುಂಗುವ ದಿನಗಳಲ್ಲಿ ಹಸಿವು ಸತ್ತುಹೋಗುವುದು, ಬಿಡದ ವಾಕರಿಕೆ, ವಿಪರೀತ ಸುಸ್ತು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು, ಬಲಪಕ್ಕೆಯಡಿ ನೋವು, ಮೈಮೇಲೆ ದದ್ದು, ಇವುಗಳಲ್ಲಿ ಯಾವುದು ಕಂಡರೂ ಮಾತ್ರೆಯನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಿ. ಕೆಲವರಿಗೆ ನಾಲಿಗೆ ರುಚಿ ಹೋಗುತ್ತದೆ. ಸಾಮಾನ್ಯವಾಗಿ ನಿಲ್ಲಿಸಿದ ಮೇಲೆ ವಾರಗಳಲ್ಲೋ ತಿಂಗಳುಗಳಲ್ಲೋ ಮರಳುತ್ತದೆ, ಎಲ್ಲೋ ಕೆಲವರಿಗೆ ತುಂಬ ಕಾಲ ಉಳಿಯುತ್ತದೆ. ರುಚಿ ಕೆಟ್ಟರೆ ಕೋರ್ಸ್ ಮುಗಿಯಲೆಂದು ಕಾಯಬೇಡಿ.

ನೀವು ನುಂಗುತ್ತಿರುವ ಬೇರೆ ಮಾತ್ರೆಗಳ ಪಟ್ಟಿಯೇ ಇಲ್ಲಿ ದೊಡ್ಡ ವಿಷಯ. ಟರ್ಬಿನಾಫಿನ್ ಜತೆಗೆ ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ, ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಮಾತ್ರೆಗಳ ಪ್ರಭಾವ ಏರಬಹುದು. ಇನ್ನೊಂದು ಫಂಗಸ್ ಔಷಧ ಇಟ್ರಾಕೊನಜೋಲ್ ಇದಕ್ಕಿಂತ ಕಠಿಣ: ಸಿಮ್ವಸ್ಟಾಟಿನ್, ಲೊವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಗಳ ಜತೆ ಅದನ್ನು ಕೊಡಲೇಬಾರದು, ಹಾರ್ಟ್ ಫೇಲ್ಯೂರ್ ಆದವರಿಗೂ ಉಗುರಿನ ಸಲುವಾಗಿ ಅದನ್ನು ಕೊಡುವಂತಿಲ್ಲ. ಕ್ಯಾಪ್ಸೂಲ್ ರೂಪದ ಇಟ್ರಾಕೊನಜೋಲ್ ಅನ್ನು ಹೊಟ್ಟೆತುಂಬ ಊಟ ಮಾಡಿದ ಕೂಡಲೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ, ಇಲ್ಲವೇ ಗ್ಯಾಸ್ಟ್ರಿಕ್ ಮಾತ್ರೆಯ ಜತೆ ನುಂಗಿದರೆ, ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ‘ತಿಂಗಳಿಗೆ ಒಂದು ವಾರ’ ಎಂದು ಕೊಡುವುದು ಇದನ್ನೇ: 200 ಮಿಲಿಗ್ರಾಂ ದಿನಕ್ಕೆರಡು ಸಲ, ವಾರ ಕಾಲ, ಆಮೇಲೆ ಮೂರು ವಾರ ಬಿಡುವು. ಕೈಯುಗುರಿಗೆ ಇಂಥ ಎರಡು ಸುತ್ತು, ಕಾಲುಗುರಿಗೆ ಮೂರು. ಫಂಗಸ್ಸಿಗೆ ವಾರಕ್ಕೊಮ್ಮೆ ನುಂಗುವ ಫ್ಲುಕೊನಜೋಲ್ ತಿಂಗಳುಗಟ್ಟಲೆ ಹಿಡಿಯುತ್ತದೆ. ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ಮತ್ತು ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಗಳ ಪ್ರಭಾವವನ್ನು ಅದು ಏರಿಸುತ್ತದೆ.

ಕೀಟೊಕೊನಜೋಲ್ ಮಾತ್ರೆಯನ್ನು ಯಾರಾದರೂ ಉಗುರಿಗೆಂದು ಬರೆದುಕೊಟ್ಟರೆ ಬೇಡ ಅನ್ನಿ. ಲಿವರ್‌ಗೆ ಆಗುವ ಹಾನಿಯ ಕಾರಣಕ್ಕೆ 2013ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಚರ್ಮ ಮತ್ತು ಉಗುರಿನ ಫಂಗಸ್‌ಗೆ ಅದನ್ನು ಬಳಸಬಾರದೆಂದು ಎಚ್ಚರಿಸಿದೆ. ಶಾಂಪೂ, ಮುಲಾಮಿನ ರೂಪದ ಕೀಟೊಕೊನಜೋಲ್‌ಗೆ ಈ ಮಾತು ಅನ್ವಯಿಸುವುದಿಲ್ಲ.

ಪ್ರಶ್ನೆ: ಮಾತ್ರೆ ಬೇಡವೆಂದು ವೈದ್ಯರು ಉಗುರಿಗೆ ಪಾಲಿಶ್‌ನಂತೆ ಬಳಿಯುವ ಅಮೊರೊಲ್ಫಿನ್ 5% ಲ್ಯಾಕರ್ ಬರೆದುಕೊಟ್ಟಿದ್ದಾರೆ. ಹಚ್ಚುವ ಸರಿಯಾದ ಕ್ರಮ ತಿಳಿಸಿ. ಮೇಲೆ ನೇಲ್ ಪಾಲಿಶ್ ಹಾಕಬಹುದೇ?

ಉತ್ತರ: ಲ್ಯಾಕರ್ ಒಂದರಿಂದಲೇ ಗುಣವಾಗಬೇಕಾದರೆ ರೋಗ ಉಗುರಿನ ಅರ್ಧಕ್ಕಿಂತ ಕಡಿಮೆ ಇರಬೇಕು, ಬುಡ ತಲುಪಿರಬಾರದು, ಉಗುರು ತುಂಬ ದಪ್ಪ ಆಗಿರಬಾರದು, ಕೆಟ್ಟ ಉಗುರುಗಳು ಮೂರು ನಾಲ್ಕಕ್ಕಿಂತ ಹೆಚ್ಚಿರಬಾರದು. ನಿಮ್ಮದು ಹಾಗಿದೆ ಎಂದುಕೊಳ್ಳೋಣ.

ವಾರಕ್ಕೆ ಒಂದು ಅಥವಾ ಎರಡು ದಿನ ಗೊತ್ತುಮಾಡಿಕೊಳ್ಳಿ. ಮೊದಲು ಹಳೆಯ ಪದರವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ತೆಗೆಯಿರಿ. ನಂತರ ಕೆಟ್ಟ ಭಾಗದ ಮೇಲ್ಮೈಯನ್ನು ಫೈಲ್‌ನಿಂದ ಉಜ್ಜಿ. ಹೆಚ್ಚಿನವರು ಬಿಡುವುದು ಈ ಹೆಜ್ಜೆಯನ್ನೇ, ಲ್ಯಾಕರ್ ಸೋಲುವುದೂ ಇಲ್ಲಿಯೇ. ಹೊಳಪು ಹೋಗಿ ಮೇಲ್ಮೈ ತರಿತರಿ ಆಗುವವರೆಗೆ ಉಜ್ಜಬೇಕು, ಸುತ್ತಲಿನ ಚರ್ಮಕ್ಕೆ ತಾಕಬಾರದು. ಮತ್ತೆ ಸ್ಪಿರಿಟ್‌ನಿಂದ ಒರೆಸಿ ಜಿಡ್ಡು, ಪುಡಿ ತೆಗೆದು ಒಣಗಲು ಬಿಡಿ. ಈಗ ಕಡ್ಡಿಯಿಂದ ಲ್ಯಾಕರನ್ನು ಇಡೀ ಉಗುರಿಗೆ ತೆಳ್ಳಗೆ ಸವರಿ, ಮೂರರಿಂದ ಐದು ನಿಮಿಷ ಒಣಗಿಸಿ. ಕಡ್ಡಿಯನ್ನು ಸೀಸೆಯ ಬಾಯಿಗೆ ಒರೆಸಬೇಡಿ, ಅಲ್ಲಿ ಅಂಟು ಕಟ್ಟಿ ಮುಚ್ಚಳ ಸರಿಯಾಗಿ ಕೂರದೆ ಔಷಧ ಒಣಗಿಹೋಗುತ್ತದೆ. ರೋಗದ ಉಗುರಿಗೆ ಬಳಸಿದ ಫೈಲ್ ಒಳ್ಳೆಯ ಉಗುರಿಗೆ ತಾಕಕೂಡದು. ಥಿನ್ನರ್, ಸ್ಪಿರಿಟ್ ಮುಟ್ಟುವ ಕೆಲಸವಿದ್ದರೆ ಕೈಗವಸು ಹಾಕಿ, ಇಲ್ಲದಿದ್ದರೆ ಪದರ ಕರಗಿಹೋಗುತ್ತದೆ. ಕೈಯುಗುರಿಗೆ ಆರು ತಿಂಗಳು, ಕಾಲುಗುರಿಗೆ ಒಂಬತ್ತರಿಂದ 12 ತಿಂಗಳು ಹೀಗೆ ಬಿಡದೆ ನಡೆಯಬೇಕು.

ಸೈಕ್ಲೊಪಿರಾಕ್ಸ್ 8% ಲ್ಯಾಕರ್‌ನ ಕ್ರಮ ಬೇರೆ: ದಿನಾ ರಾತ್ರಿ ಹಳೆಯ ಪದರದ ಮೇಲೇ ಹಚ್ಚಿ, ಏಳು ದಿನಕ್ಕೊಮ್ಮೆ ಸ್ಪಿರಿಟ್‌ನಿಂದ ಎಲ್ಲ ತೆಗೆದು ಹೊಸದಾಗಿ ಶುರು. ಎರಡರ ಚೀಟಿಯನ್ನು ಅದಲುಬದಲು ಮಾಡಿಕೊಳ್ಳಬೇಡಿ. ಬಣ್ಣದ ಪಾಲಿಶ್ ಅಮೊರೊಲ್ಫಿನ್ ಮೇಲೆ ಹತ್ತು ನಿಮಿಷ ಬಿಟ್ಟು ಹಾಕಬಹುದು, ಮುಂದಿನ ಸಲ ಹಚ್ಚುವ ಮುಂಚೆ ಪೂರ್ತಿ ತೆಗೆಯಬೇಕು. ಹಾಕದಿದ್ದರೇ ಒಳ್ಳೆಯದು ಎಂದು ನಮ್ಮ ಅಭಿಪ್ರಾಯ, ಯಾಕೆಂದರೆ ಬಣ್ಣದಡಿ ಉಗುರು ಹೇಗಿದೆಯೆಂದು ನಿಮಗೇ ಕಾಣುವುದಿಲ್ಲ.

ಪ್ರಶ್ನೆ: ಉಗುರನ್ನೇ ಕಿತ್ತುಹಾಕಿಸಿದರೆ ರೋಗ ಬುಡಸಮೇತ ಹೋಗುವುದಿಲ್ಲವೇ?

ಉತ್ತರ: ಹೋಗುವುದಿಲ್ಲ. ಫಂಗಸ್ ಅಡಿಯ ಚರ್ಮದಲ್ಲೇ ಉಳಿದು, ಹೊಸ ಉಗುರು ಬರುತ್ತಿದ್ದಂತೆ ಅದಕ್ಕೂ ಹತ್ತುತ್ತದೆ. ಬುಡಕ್ಕೆ ಪೆಟ್ಟಾದರೆ ಹೊಸ ಉಗುರು ಜೀವನಪೂರ್ತಿ ಸೊಟ್ಟಗೆ ಬೆಳೆಯಬಹುದು. ತೀರಾ ದಪ್ಪ ಉಗುರಿಗೆ ನೋವಿಲ್ಲದ ದಾರಿ 40% ಯೂರಿಯಾ ಮುಲಾಮು. ಸುತ್ತಲಿನ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿ, ಉಗುರಿನ ಮೇಲೆ ಮಾತ್ರ ಯೂರಿಯಾ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹಾಕಿ ರಾತ್ರಿ ಬಿಡಿ. ಬೆಳಗ್ಗೆ ಮೆದುವಾದ ಪದರವನ್ನು ಕೆರೆದು ತೆಗೆಯಿರಿ. ಒಂದೆರಡು ವಾರದಲ್ಲಿ ಕೆಟ್ಟ ಭಾಗ ತೆಳ್ಳಗಾಗಿ ಬಿಡುತ್ತದೆ, ಒಳ್ಳೆಯ ಉಗುರು ಗಟ್ಟಿಯಾಗಿಯೇ ಉಳಿಯುತ್ತದೆ. ಇದರ ಬೆನ್ನಿಗೇ ಲ್ಯಾಕರ್ ಅಥವಾ ಮಾತ್ರೆ ಬೇಕು. ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರು ಇದನ್ನು ಮನೆಯಲ್ಲಿ ಮಾಡಬಾರದು.

ಪ್ರಶ್ನೆ: ತಂದೆಗೆ 71, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲುಗುರುಗಳೆಲ್ಲ ಕಲ್ಲಿನಂತಾಗಿವೆ. ಬಿಸಿನೀರಿನಲ್ಲಿ ನೆನೆಸಿ ನಾನೇ ಕತ್ತರಿಸುತ್ತೇನೆ. ಈ ವಯಸ್ಸಿನಲ್ಲಿ ಚಿಕಿತ್ಸೆ ಬೇಕೇ?

ಉತ್ತರ: ಬೇಕು, ಅವರಿಗೆ ಎಲ್ಲರಿಗಿಂತ ಹೆಚ್ಚು ಬೇಕು. ಕಲ್ಲಿನಂಥ ಉಗುರು ಬೂಟಿನೊಳಗೆ ಪಕ್ಕದ ಬೆರಳನ್ನು ಒತ್ತಿ ಗಾಯ ಮಾಡುತ್ತದೆ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಅದು ಗೊತ್ತೇ ಆಗುವುದಿಲ್ಲ. ಆ ಗಾಯದಿಂದಲೂ ಸಂದಿಯ ಬಿರುಕಿನಿಂದಲೂ ಬ್ಯಾಕ್ಟೀರಿಯಾ ಒಳಹೊಕ್ಕು ಕಾಲು ಕೆಂಪಗೆ ಊದಿಕೊಳ್ಳುವುದು, ಹುಣ್ಣಾಗುವುದು ಸಕ್ಕರೆ ಕಾಯಿಲೆಯಲ್ಲಿ ಅಪರೂಪವಲ್ಲ.

ದಯವಿಟ್ಟು ಬಿಸಿನೀರಿನಲ್ಲಿ ನೆನೆಸುವುದನ್ನು ಇವತ್ತಿಗೇ ನಿಲ್ಲಿಸಿ. ಸುಟ್ಟರೂ ಅವರಿಗೆ ತಿಳಿಯದಿರಬಹುದು, ನೆಂದ ಚರ್ಮ ಬೇಗ ಸೀಳುತ್ತದೆ. ಕತ್ತರಿಸುವುದನ್ನು ಪಾದ ಚಿಕಿತ್ಸಕರಿಗೋ ಸಕ್ಕರೆ ಕಾಯಿಲೆಯ ಪಾದ ನೋಡುವ ಕ್ಲಿನಿಕ್‌ಗೋ ಬಿಡಿ. ನಿಮ್ಮ ಪಾಲಿನ ಕೆಲಸ ದಿನಾ ರಾತ್ರಿ ಎರಡೂ ಪಾದ, ಅಂಗಾಲು, ಪ್ರತಿ ಸಂದಿ ನೋಡುವುದು. ಕೆಂಪು, ಬಿಸಿ, ನೀರು ಒಸರುವುದು, ಕಪ್ಪು ಚುಕ್ಕೆ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ. ಮಾತ್ರೆ ಕೊಡುವುದೋ ಬರೀ ಉಗುರು ತೆಳುಮಾಡಿಸಿ ಲ್ಯಾಕರ್ ಹಚ್ಚುವುದೋ ಎಂಬುದು ಅವರ ಲಿವರ್, ಮೂತ್ರಪಿಂಡ, ಕಾಲಿನ ರಕ್ತದ ಓಟ ನೋಡಿ ತೀರ್ಮಾನಿಸುವ ವಿಷಯ.

ಪ್ರಶ್ನೆ: ದಿನವಿಡೀ ನೀರಿನ ಕೆಲಸ. ಒಂದು ಕೈಯುಗುರು ತುದಿಯಿಂದ ಮೇಲೆದ್ದು ಹಸಿರಾಗಿದೆ, ಇನ್ನೊಂದರ ಬುಡ ಆರು ತಿಂಗಳಿಂದ ಊದಿಕೊಂಡಿದೆ. ಎರಡೂ ಫಂಗಸ್ಸೇ?

ಉತ್ತರ: ಹಸಿರು ಬಣ್ಣ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ್ದು. ಮೇಲೆದ್ದ ಉಗುರಿನಡಿ ನೀರು ನಿಂತಾಗ ಅದು ಬೆಳೆಯುತ್ತದೆ. ಫಂಗಸ್ ಮಾತ್ರೆಗೆ ಹೋಗುವುದಲ್ಲ. ಸಡಿಲ ಭಾಗವನ್ನು ಕತ್ತರಿಸಿ ಒಣಗಿಡಬೇಕು. ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ದಿನಕ್ಕೆರಡು ಸಲ ಕೆಲವು ನಿಮಿಷ ಅದ್ದಿ, ಚೆನ್ನಾಗಿ ಒಣಗಿಸಿದರೆ ಅನೇಕರಿಗೆ ಸಾಕಾಗುತ್ತದೆ. ಕಡಿಮೆಯಾಗದಿದ್ದರೆ ವೈದ್ಯರು ಹಚ್ಚುವ ಆ್ಯಂಟಿಬಯಾಟಿಕ್ ಕೊಡುತ್ತಾರೆ.

ಬುಡದ ಊತ ಹಳೆಯ ಉಗುರುಸುತ್ತು. ಉಗುರಿಗೂ ಚರ್ಮಕ್ಕೂ ನಡುವೆ ಮುಚ್ಚಳದಂತಿರುವ ತೆಳುಪೊರೆ, ಕ್ಯೂಟಿಕಲ್, ನೀರು ಸೋಪಿನಿಂದ ಸವೆದುಹೋಗಿ ಚರ್ಮ ಉರಿಯೂತಕ್ಕೆ ಬಿದ್ದಿದೆ. ಅಲ್ಲಿ ಕ್ಯಾಂಡಿಡಾ ಸಿಕ್ಕರೂ ಅದು ಬಹುಪಾಲು ಆಮೇಲೆ ಬಂದು ಸೇರಿಕೊಂಡದ್ದು. ವೈದ್ಯರು ಹೇಳಿದ ಸ್ಟೀರಾಯ್ಡ್ ಮುಲಾಮು ಹೇಳಿದಷ್ಟೇ ದಿನ ಹಚ್ಚಬೇಕು. ಒಳಗೆ ಹತ್ತಿಯ ಕೈಗವಸು, ಮೇಲೆ ರಬ್ಬರಿನದು ಹಾಕದೆ ನೀರು ಮುಟ್ಟಬೇಡಿ. ಪೊರೆಯನ್ನು ಹಿಂದಕ್ಕೆ ತಳ್ಳುವುದು, ಕತ್ತರಿಸುವುದು ಬೇಡ. ಅದು ಮತ್ತೆ ಬೆಳೆದು ಅಂಟಿಕೊಳ್ಳಲು ಎರಡು ಮೂರು ತಿಂಗಳಾದರೂ ಬೇಕು.

ಪ್ರಶ್ನೆ: ಹೆಬ್ಬೆರಳ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಒಂದು ಕಪ್ಪು ಗೆರೆ. ಇದಕ್ಕೂ ಲ್ಯಾಕರ್ ಹಚ್ಚಬಹುದೇ?

ಉತ್ತರ: ಏನೂ ಹಚ್ಚಬೇಡಿ, ಮೊದಲು ಚರ್ಮವೈದ್ಯರಿಗೆ ತೋರಿಸಿ. ಕಪ್ಪು ಮೈಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ಇಂಥ ಗೆರೆ ಸಹಜವಾಗಿಯೂ ಇರುತ್ತದೆ. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಬಂದ ಗೆರೆ, ಅಗಲವಾಗುತ್ತಿರುವ ಗೆರೆ, ಬುಡದ ಚರ್ಮಕ್ಕೂ ಹಬ್ಬಿದ ಕಪ್ಪು, ಇವು ಮೆಲನೋಮಾ ಎಂಬ ಕ್ಯಾನ್ಸರ್‌ನ ಗುರುತಾಗಿರಬಹುದು. ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತವಾದರೆ ಉಗುರು ಬೆಳೆದಂತೆ ಕಲೆಯೂ ಮುಂದೆ ಸರಿದು ಬುಡದಲ್ಲಿ ತಿಳಿ ಉಗುರು ಕಾಣುತ್ತದೆ.

ಪ್ರಶ್ನೆ: ವಿನೆಗರ್, ಟೀ ಟ್ರೀ ಎಣ್ಣೆ, ಲೇಸರ್, ಇವು ಕೆಲಸ ಮಾಡುತ್ತವೆಯೇ?

ಉತ್ತರ: ಮೊದಲ ಎರಡರಿಂದ ಉಗುರಿನ ಫಂಗಸ್ ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಟೀ ಟ್ರೀ ಎಣ್ಣೆ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಬ್ಲೀಚ್ ಅಂತೂ ಚರ್ಮ ಸುಡುತ್ತದೆ. ಲೇಸರ್ ಯಂತ್ರಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿರುವುದು ‘ತಿಳಿ ಉಗುರು ತಾತ್ಕಾಲಿಕವಾಗಿ ಹೆಚ್ಚುತ್ತದೆ’ ಎಂಬಷ್ಟಕ್ಕೆ, ರೋಗ ವಾಸಿಯಾಗುತ್ತದೆ ಎಂಬುದಕ್ಕಲ್ಲ.

ಪ್ರಶ್ನೆ: ಏಳು ವರ್ಷದ ಮಗಳ ಕಾಲುಗುರು ಬೆಳ್ಳಗೆ ಪುಡಿಯಾಗುತ್ತಿದೆ. ನಾನು ಈಗ ಗರ್ಭಿಣಿ, ನನ್ನ ಉಗುರೂ ಹಾಗೇ ಇದೆ.

ಉತ್ತರ: ಮಗುವಿಗೆ ನಿಮ್ಮ ಪಾದದಿಂದಲೇ ಹತ್ತಿರಬಹುದು. ಮಕ್ಕಳ ಉಗುರು ತೆಳು, ಬೇಗ ಬೆಳೆಯುತ್ತದೆ, ಹಾಗಾಗಿ ಹಚ್ಚುವ ಔಷಧಕ್ಕೆ ದೊಡ್ಡವರಿಗಿಂತ ಚೆನ್ನಾಗಿ ಬಗ್ಗುತ್ತದೆ. ಮಾತ್ರೆ ಬೇಕಾದರೆ ತೂಕ ನೋಡಿ ವೈದ್ಯರೇ ಲೆಕ್ಕಹಾಕಬೇಕು, ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ನೀವು ಹೆರಿಗೆಯಾಗಿ ಹಾಲುಣಿಸುವುದು ಮುಗಿಯುವವರೆಗೆ ಮಾತ್ರೆ ಮುಂದೂಡಿ. ಈ ರೋಗ ಅಷ್ಟು ಕಾಯಬಲ್ಲದು. ಅಷ್ಟರವರೆಗೆ ಬೆರಳ ಸಂದಿಯ ಫಂಗಸ್‌ಗೆ ಯಾವ ಮುಲಾಮು ಸರಿ ಎಂದು ನಿಮ್ಮ ಹೆರಿಗೆ ವೈದ್ಯರನ್ನು ಕೇಳಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಪೂರ್ತಿ ವಾಸಿಯಾಗಿತ್ತು. ಈಗ ಅದೇ ಉಗುರಿಗೆ ಮತ್ತೆ ಬಂದಿದೆ. ಎಲ್ಲಿ ತಪ್ಪಿದೆ?

ಉತ್ತರ: ಬಹುಶಃ ಬೆರಳ ಸಂದಿಯಲ್ಲಿ, ಇಲ್ಲವೇ ಬೂಟಿನಲ್ಲಿ. ಉಗುರು ವಾಸಿಯಾದರೂ ಅಂಗಾಲಿನ ಚರ್ಮದಲ್ಲಿ ಫಂಗಸ್ ಉಳಿದಿದ್ದರೆ ಅದು ಉಗುರಿಗೆ ಮತ್ತೆ ಏರುತ್ತದೆ. ಸಂದಿ ಸುಲಿಯಲು ಶುರುವಾದ ಮೊದಲ ದಿನವೇ ಟರ್ಬಿನಾಫಿನ್ ಅಥವಾ ಕ್ಲೊಟ್ರಿಮಜೋಲ್ ಮುಲಾಮು ಹಚ್ಚಿ. ಕಲೆ ಹೋದ ಮೇಲೂ ಟ್ಯೂಬಿನ ಚೀಟಿ ಹೇಳುವಷ್ಟು ದಿನ ಮುಂದುವರಿಸಿ. ಸ್ಟೀರಾಯ್ಡ್ ಬೆರೆಸಿದ ಮಿಶ್ರ ಮುಲಾಮು ಬೇಡ: ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹಬ್ಬುತ್ತದೆ.

ಬೂಟಿನೊಳಗೆ ಉದುರಿದ ಚರ್ಮದ ಹೊಟ್ಟಿನಲ್ಲಿ ಫಂಗಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ರೋಗ ಇದ್ದಾಗ ಹಾಕುತ್ತಿದ್ದ ಹಳೆಯ ಬೂಟುಗಳನ್ನು ಬಿಟ್ಟುಬಿಡುವುದು ಮೇಲು. ಆಗದಿದ್ದರೆ ಒಳಗಿನ ಅಟ್ಟೆ ಬದಲಿಸಿ, ಫಂಗಸ್ ಪುಡಿ ಅಥವಾ ಸ್ಪ್ರೇ ಹಾಕಿ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸಿದರೆ ಒಂದೊಂದೂ ಪೂರ್ತಿ ಒಣಗಲು ಸಮಯ ಸಿಗುತ್ತದೆ. ಬೆರಳು ತುದಿಗೆ ಒತ್ತುವ ಬೂಟು ಬೇಡ, ಪೆಟ್ಟಾದ ಉಗುರಿಗೆ ಫಂಗಸ್ ಬೇಗ ಹತ್ತುತ್ತದೆ. ಕಾಲುಚೀಲಗಳನ್ನು ದಿನಾ ಬದಲಿಸಿ, 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಸಾರ್ವಜನಿಕ ಸ್ನಾನದ ಮನೆ, ಈಜುಕೊಳದ ಅಂಚಿನಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಮನೆಯಲ್ಲಿ ಬೇರೆಯವರ ಪಾದವೂ ಸುಲಿಯುತ್ತಿದ್ದರೆ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು.

ನೇಲ್ ಕಟರ್ ಎರಡು ಇರಲಿ, ರೋಗದ ಉಗುರಿಗೊಂದು, ಉಳಿದವಕ್ಕೊಂದು. ಬಳಸಿದ ಮೇಲೆ ಸೋಪು ಹಾಕಿ ಉಜ್ಜಿ ತೊಳೆದು 70% ಸ್ಪಿರಿಟ್‌ನಲ್ಲಿ ಅದ್ದಿಟ್ಟು ಒಣಗಿಸಿ. ಈ ಸಲದ ಚಿಕಿತ್ಸೆ ಮುಗಿದ ಮೇಲೆ ಅದೇ ಉಗುರಿಗೆ ವಾರಕ್ಕೊಮ್ಮೆ ಲ್ಯಾಕರ್ ಹಚ್ಚುತ್ತಿರಬೇಕೇ ಎಂದು ವೈದ್ಯರನ್ನು ಕೇಳಿ. ಒಮ್ಮೆ ಮರುಕಳಿಸಿದವರಿಗೆ ಅದು ಉಪಯೋಗವಾಗುತ್ತದೆ.